ಬಿಸಿಲೇರಿದರೆ ತೋಟ ಮಾರಬೇಕೆ? ಕೊಪ್ಪದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕು. ಆರು ಎಕರೆ ಅರೇಬಿಕಾ ಕಾಫಿ, ನಡುವೆ ಮೆಣಸು, ಎರಡು ಎಕರೆ ಅಡಿಕೆ. ಈಚೆಗೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯನ್ನು ನಂಬುವ ಹಾಗಿಲ್ಲ. ಅಡಿಕೆಗೆ ಎಲೆಚುಕ್ಕಿ ಬಂದಿದೆ. ಊರಲ್ಲಿ ಡೆಂಗಿ, ಮಂಗನ ಕಾಯಿಲೆಯ ಮಾತು ನಿಂತಿಲ್ಲ. ಮಗಳನ್ನು ಸಿಂಧನೂರು ಕಡೆ ಕೊಟ್ಟಿದ್ದೇವೆ, ಈಗ ಚೊಚ್ಚಲ ಗರ್ಭಿಣಿ, ಜುಲೈಗೆ ದಿನ ಹೇಳಿದ್ದಾರೆ. ಅಲ್ಲಿಯ ಬಿಸಿಲು ನೆನೆದರೆ ಭಯವಾಗುತ್ತದೆ. ಇದೆಲ್ಲ ಭೂಮಿ ಬಿಸಿಯಾಗುತ್ತಿರುವುದರಿಂದಲೇ? ಮುಂದೆ ನಮ್ಮ ಕಡೆಯ ಆರೋಗ್ಯ, ಆದಾಯ ಏನಾಗಬಹುದು? ತೋಟ ಮಾರಿಬಿಡುವುದೇ ಜಾಣತನ ಎಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ.

ಉತ್ತರ: ತೋಟದ ವಿಚಾರ ಕೊನೆಗೆ ಇರಲಿ, ಅದಕ್ಕೆ ಅವಸರವಿಲ್ಲ. ಅವಸರವಿರುವುದು ಮಗಳ ವಿಷಯಕ್ಕೆ. ಜುಲೈಗೆ ದಿನ ಎಂದರೆ ಏಪ್ರಿಲ್, ಮೇ ತಿಂಗಳಲ್ಲಿ ಆಕೆ ಆರು-ಏಳು ತಿಂಗಳ ಬಸುರಿ. ಏಳರಲ್ಲಿ ಸೀಮಂತ ಮುಗಿಸಿ ತವರಿಗೆ ಕರೆತರುವುದು ನಮ್ಮಲ್ಲಿ ರೂಢಿ. ಈ ಸಲ ಆ ಲೆಕ್ಕ ಹಿಡಿದು ಕೂತರೆ ರಾಯಚೂರು ಜಿಲ್ಲೆಯ ಇಡೀ ಬೇಸಿಗೆಯನ್ನು ಆಕೆ ಅಲ್ಲೇ ಕಳೆಯಬೇಕಾಗುತ್ತದೆ. ಪ್ರಯಾಣಕ್ಕೆ ತೊಂದರೆಯಿಲ್ಲ ಎಂದು ಆಕೆಯನ್ನು ನೋಡುತ್ತಿರುವ ವೈದ್ಯರು ಹೇಳಿದರೆ ಮಾರ್ಚ್ ಕೊನೆಯೊಳಗೆ ಕರೆದುಕೊಂಡು ಬನ್ನಿ. ಶಾಸ್ತ್ರವನ್ನು ನಿಮ್ಮ ಮನೆಯಲ್ಲೇ ಮಾಡಿದರಾಯಿತು, ಬೀಗರು ಬೇಸರಿಸಿಕೊಳ್ಳಲಾರರು.

ಇದು ಅತಿ ಎಚ್ಚರಿಕೆಯ ಮಾತಲ್ಲ. ಬೇರೆ ಬೇರೆ ದೇಶಗಳ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ತಾಪಮಾನ ಒಂದು ಡಿಗ್ರಿ ಏರಿದರೆ ಅವಧಿಗೆ ಮುಂಚಿನ ಹೆರಿಗೆಯ ಸಂಭವ ಸುಮಾರು ಶೇ 5ರಷ್ಟು ಹೆಚ್ಚುವುದು ಕಂಡುಬಂದಿದೆ. ನಮ್ಮ ನೆರೆಯ ತಮಿಳುನಾಡಿನಲ್ಲಿ ಹೊಲ, ಇಟ್ಟಿಗೆ ಗೂಡು, ಉಪ್ಪಿನ ಗದ್ದೆಗಳಂಥ ಕಡೆ ದುಡಿಯುವವರೂ ಸೇರಿದಂತೆ 800 ಗರ್ಭಿಣಿಯರನ್ನು ಚೆನ್ನೈನ ಸಂಶೋಧಕರು ಹಿಂಬಾಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿಯಲ್ಲಿ ದುಡಿಯುತ್ತಿದ್ದವರಲ್ಲಿ ಗರ್ಭಪಾತದ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ನಿಮ್ಮ ಮಗಳು ಬಹುಶಃ ಬಿಸಿಲಿನಲ್ಲಿ ಕೂಲಿಗೆ ಹೋಗುವವಳಲ್ಲ. ಆದರೂ ತಗಡಿನ ಅಥವಾ ಬರೀ ಆರ್‌ಸಿಸಿ ಚಾವಣಿಯ ಮನೆಯ ಅಡುಗೆಕೋಣೆ ಹೊಲಕ್ಕಿಂತ ತಂಪಾಗಿರುತ್ತದೆ ಎಂದು ಹೇಳಲಾಗದು. ರಾತ್ರಿ ಕರೆಂಟು ಹೋದರಂತೂ ಮುಗಿಯಿತು.

ರಾತ್ರಿಯ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಬಿಸಿಲು ಎಂದರೆ ಎಲ್ಲರೂ ಮಧ್ಯಾಹ್ನದ ಗರಿಷ್ಠ ಉಷ್ಣಾಂಶ ನೋಡುತ್ತಾರೆ, ಪತ್ರಿಕೆಗಳೂ ಅದನ್ನೇ ದಪ್ಪಕ್ಷರದಲ್ಲಿ ಹಾಕುತ್ತವೆ. ದೇಹಕ್ಕೆ ಮುಖ್ಯವಾಗುವುದು ಬೆವರು ಆರುತ್ತದೋ ಇಲ್ಲವೋ, ರಾತ್ರಿ ಮೈ ತಣಿಯುತ್ತದೋ ಇಲ್ಲವೋ ಎಂಬುದು. ಒಣ ಗಾಳಿಯ 42 ಡಿಗ್ರಿಯನ್ನು ನೆರಳು, ನೀರು ಇದ್ದರೆ ಗಟ್ಟಿಮುಟ್ಟಾದವರು ತಡೆದುಕೊಳ್ಳುತ್ತಾರೆ. ತೇವ ತುಂಬಿದ 35 ಡಿಗ್ರಿಯಲ್ಲಿ ಅದೇ ಮನುಷ್ಯ ಕುಸಿಯಬಹುದು. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಲ್ಲಿಟ್ಟಾಗ ಸಿಗುವ ಅಂಕಿಗೆ ಆರ್ದ್ರ ಉಷ್ಣಾಂಶ ಎನ್ನುತ್ತಾರೆ. ಅದು 35 ಮುಟ್ಟಿದರೆ ಬೆವರಿನಿಂದ ಮೈ ತಣಿಯುವುದು ನಿಂತೇ ಹೋಗುತ್ತದೆ ಎಂದು ಹಿಂದೆ ಲೆಕ್ಕ ಹಾಕಿದ್ದರು. ಆಮೇಲೆ ಅಮೆರಿಕದಲ್ಲಿ ಆರೋಗ್ಯವಂತ ಯುವಕ ಯುವತಿಯರ ಮೇಲೆಯೇ ಪ್ರಯೋಗ ಮಾಡಿ ನೋಡಿದಾಗ ತೇವದ ವಾತಾವರಣದಲ್ಲಿ 31ರ ಆಸುಪಾಸಿಗೇ ದೇಹ ಸೋಲತೊಡಗಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಅಂದರೆ ಸಿಂಧನೂರಿನ ಸುತ್ತಲೇ, ಎರಡನೇ ಬೆಳೆಯ ಭತ್ತದ ಗದ್ದೆಗಳಲ್ಲಿ ಬೇಸಿಗೆ ಹತ್ತಿರವಾದರೂ ನೀರು ನಿಂತಿರುತ್ತದೆ. ನೀರಾವರಿ ಗಾಳಿಯ ಉಷ್ಣಾಂಶವನ್ನು ಒಂದಿಷ್ಟು ಇಳಿಸುತ್ತದೆ, ತೇವವನ್ನು ಏರಿಸುತ್ತದೆ. ಹಾಗಾಗಿ ಥರ್ಮಾಮೀಟರು ಕಡಿಮೆ ತೋರಿಸಿದ ದಿನವೂ ಮೈಗೆ ಸೆಕೆ ಹೆಚ್ಚೇ ಆಗಬಹುದು. ಮಂಗಳೂರು, ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹವಾಮಾನ ಇಲಾಖೆ ಬಯಲುಸೀಮೆಗೆ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30 ಡಿಗ್ರಿ ಎಂದು ಬಿಸಿಗಾಳಿಯ ಮಾನದಂಡವನ್ನು ಬೇರೆ ಬೇರೆ ಇಟ್ಟಿರುವುದರ ಹಿಂದೆಯೂ ಇಂಥದೇ ವಿವೇಕವಿದೆ.

ಇನ್ನು 'ಇದೆಲ್ಲ ಅದರಿಂದಲೇ?' ಎಂಬ ಪ್ರಶ್ನೆ. ಅಲ್ಲ, ಎಲ್ಲವೂ ಅಲ್ಲ. ನಾನು ಸಮುದಾಯ ಆರೋಗ್ಯದ ವೈದ್ಯ. ಯಾವ ರೋಗ ಬಂದರೂ, ಯಾವ ಬೆಳೆ ಕೆಟ್ಟರೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವ ಈಗಿನ ರೂಢಿ ನನಗೆ ಸರಿಕಾಣುವುದಿಲ್ಲ. ಹಾಗೆ ಕಟ್ಟಿದ ಕೂಡಲೇ ಊರಿನಲ್ಲೇ ಮಾಡಬಹುದಾದ ಕೆಲಸ ಮರೆತುಹೋಗುತ್ತದೆ, ಪಂಚಾಯಿತಿಗೂ ಆರೋಗ್ಯ ಇಲಾಖೆಗೂ ಒಂದು ಒಳ್ಳೆಯ ನೆಪ ಸಿಗುತ್ತದೆ.

ಖಚಿತವಾಗಿರುವುದು ಇಷ್ಟು. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. 1901ರಿಂದ ಇಟ್ಟ ದಾಖಲೆಯಲ್ಲಿ ಅಲ್ಲಿಯವರೆಗಿನ ಅತಿ ಬಿಸಿಯ ವರ್ಷ ಎನಿಸಿಕೊಂಡದ್ದು 2024. ಹಿಂದೂ ಮಹಾಸಾಗರದ ಉಷ್ಣವಲಯದ ಭಾಗ 1951ರಿಂದ 2015ರೊಳಗೆ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಬಿಸಿ ಸಮುದ್ರದ ಮೇಲಿನ ಗಾಳಿ ಹೆಚ್ಚು ಆವಿಯನ್ನು ಹೊತ್ತು ತರುತ್ತದೆ. ಅದು ಘಟ್ಟಕ್ಕೆ ಬಡಿದಾಗ ವಾರವಿಡೀ ಹನಿಯಬೇಕಾದದ್ದು ಒಂದೇ ದಿನ ಸುರಿಯುವ ಸಂಭವ ಹೆಚ್ಚುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಬಿದ್ದ ಮಳೆ, ಭೂಮಿ ಬಿಸಿಯಾಗಿರದಿದ್ದರೆ ಬೀಳುತ್ತಿದ್ದುದಕ್ಕಿಂತ ಸುಮಾರು ಶೇ 10ರಷ್ಟು ಹೆಚ್ಚಾಗಿತ್ತು ಎಂದು ವಿಜ್ಞಾನಿಗಳು ಅಂದಾಜಿಸಿದರು. ಶೇ 10 ಎಂದರೆ ಅಷ್ಟೇನಾ ಅನ್ನಿಸಬಹುದು. ಅದಾಗಲೇ ನೆನೆದು ಭಾರವಾಗಿ ನಿಂತ ಗುಡ್ಡಕ್ಕೆ ಅಷ್ಟು ಸಾಕು. ಗುಡ್ಡವನ್ನು ಕಡಿದು ರಸ್ತೆ, ರೆಸಾರ್ಟ್ ಮಾಡಿದವರ ಪಾಲು ಬೇರೆಯೇ ಇದೆ, ಅದನ್ನು ಮಳೆಯ ಲೆಕ್ಕಕ್ಕೆ ಸೇರಿಸಬಾರದು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಏನಾಯಿತು ಎಂಬುದು ನಿಮಗೆ ಗೊತ್ತೇ ಇದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆರೋಗ್ಯ ಬೇರೆ, ಆದಾಯ ಬೇರೆ ಎಂದು ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಬಿಸಿಯ ವಿಷಯದಲ್ಲಿ ಅವು ಎರಡಲ್ಲ. ಎರಡೂ ಹೊರಡುವುದು ಒಂದೇ ಜಾಗದಿಂದ: ದುಡಿಯುವ ಮೈ ಎಷ್ಟು ಗಂಟೆ, ಎಷ್ಟು ದಿನ ದುಡಿಯಬಲ್ಲದು ಎಂಬಲ್ಲಿಂದ. ಬೆಳೆನಷ್ಟ, ಆಸ್ಪತ್ರೆ ಖರ್ಚು ಆಮೇಲೆ ಬರುತ್ತವೆ.

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಬದಲಾಗುತ್ತದೆ. ಫ್ಯಾನಿನ ಕೆಳಗೆ ಕೂತು ಕಡತ ನೋಡುವವರಿಗೂ ಮಧ್ಯಾಹ್ನ ಕಷ್ಟ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಒಳ್ಳೆಯದೇ. ಅದೇ ಹೊತ್ತಿನಲ್ಲಿ ರಸ್ತೆಗೆ ಡಾಂಬರು ಹಾಕುವವಳಿಗೆ, ಎಪಿಎಂಸಿಯಲ್ಲಿ ಚೀಲ ಹೊರುವವನಿಗೆ, ಗಾಡಿ ಇಟ್ಟುಕೊಂಡು ಬಾಳೆಹಣ್ಣು ಮಾರುವವಳಿಗೆ ಆದೇಶ ಹೊರಡಿಸುವವರು ಯಾರು? ಅವರು ಮಧ್ಯಾಹ್ನ ಕೆಲಸ ಬಿಟ್ಟರೆ ಅರ್ಧ ಕೂಲಿ, ಬಿಡದಿದ್ದರೆ ತಲೆಸುತ್ತು, ಉರಿಮೂತ್ರ, ವರ್ಷಾನುಗಟ್ಟಲೆ ಹೀಗೇ ನಡೆದರೆ ಮೂತ್ರಪಿಂಡದ ತೊಂದರೆ. ಸಾಧಾರಣ ಶ್ರಮದ ಕೆಲಸದಲ್ಲಿ 33–34 ಡಿಗ್ರಿಗೇ ದುಡಿಯುವ ಸಾಮರ್ಥ್ಯ ಅರ್ಧಕ್ಕೆ ಇಳಿಯಬಹುದು ಎನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಬಿಸಿಯ ಕಾರಣ 2030ರ ಹೊತ್ತಿಗೆ ಭಾರತ ತನ್ನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇ 5.8ರಷ್ಟು ಕಳೆದುಕೊಳ್ಳಬಹುದು ಎಂದು ಅದೇ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. 3.4 ಕೋಟಿ ಜನರ ಪೂರ್ಣಾವಧಿ ಕೆಲಸಕ್ಕೆ ಅದು ಸಮ. ಈ ನಷ್ಟ ಯಾವ ಬರಪರಿಹಾರದ ಪಟ್ಟಿಯಲ್ಲೂ ಬರುವುದಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿಯೂ ಸಿಗುವುದಿಲ್ಲ, ಏಕೆಂದರೆ ಬಿಸಿಲಿನಲ್ಲಿ ದುಡಿದು ಎದೆ ಹಿಡಿದುಕೊಂಡು ಬಿದ್ದವನ ಸಾವು ಹೃದಯಾಘಾತ ಎಂದೇ ದಾಖಲಾಗುತ್ತದೆ.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯ ಹೊತ್ತಿಗೆ ಹೀಗೇ ಆಗಿತ್ತು. ಆ ತಿಂಗಳು ಸತ್ತವರ ಸಂಖ್ಯೆಯನ್ನು ಮಾಮೂಲಿ ಮೇ ತಿಂಗಳೊಂದಿಗೆ ಹೋಲಿಸಿ ನೋಡಿದ ಮೇಲೆಯೇ 1,300ಕ್ಕೂ ಹೆಚ್ಚು ಸಾವುಗಳು ಅಧಿಕವಾಗಿ ಸಂಭವಿಸಿವೆ ಎಂದು ತಿಳಿದದ್ದು. 2013ರಲ್ಲಿ ಆ ನಗರ ದೇಶದಲ್ಲೇ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ಮಾಡಿಕೊಂಡಿತು. ಅಲ್ಲಿಯದೇ ಸೇವಾ ಸಂಸ್ಥೆ, ಅಂದರೆ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆ, ಈಗ ಬಿಸಿಲಿಗೇ ವಿಮೆ ಮಾಡಿಸುತ್ತಿದೆ. ಉಷ್ಣಾಂಶ ಗೊತ್ತುಮಾಡಿದ ಮಟ್ಟ ದಾಟಿದರೆ ಅರ್ಜಿ, ತಪಾಸಣೆ ಯಾವುದೂ ಇಲ್ಲದೆ ಹಣ ಖಾತೆಗೆ ಬೀಳುತ್ತದೆ. 2024ರಲ್ಲಿ ಸುಮಾರು 50,000 ಮಹಿಳೆಯರು ಅದರಡಿ ಇದ್ದರು. ಮೊತ್ತ ದೊಡ್ಡದಲ್ಲ, ಹೆಚ್ಚಿನವರಿಗೆ ಕೆಲವು ನೂರು ರೂಪಾಯಿ. ಆದರೆ ಇವತ್ತು ಮನೆಯಲ್ಲಿ ಕೂತರೆ ನಾಳೆ ಒಲೆ ಹತ್ತುತ್ತದೆ ಎಂಬ ಧೈರ್ಯವನ್ನು ಆ ಕೆಲವು ನೂರು ಕೊಡುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿಗೆ ಇಂಥದ್ದೇ ಬೇಕು ಎಂಬುದು ನನ್ನ ಅಭಿಪ್ರಾಯ. ಬೇಸಿಗೆ ಬಂತೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಅರವಟ್ಟಿಗೆ ಉದ್ಘಾಟಿಸಿ ಫೋಟೊ ತೆಗೆಸಿಕೊಂಡರೆ ಸಾಲದು.

ಆ ಕಡೆಯ ಬೆಳೆಗಳ ಬಗ್ಗೆ ಒಂದೆರಡು ಮಾತು ಸಾಕು. ಭತ್ತ ಹೂವಾಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಜೊಳ್ಳು ಹೆಚ್ಚುತ್ತದೆ. ತೊಗರಿಗೆ ತೇವ ಕಡಿಮೆಯಾಗಿ ಮಣ್ಣು ಕಾದರೆ ಒಣ ಬೇರುಕೊಳೆ ಬರುತ್ತದೆ. ಜೋಳ, ಸಜ್ಜೆ ಹೆಚ್ಚು ತಾಳುತ್ತವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಅಕ್ಕಿ, ಗೋಧಿಯಲ್ಲಿ ಕಬ್ಬಿಣ, ಸತು, ಪ್ರೋಟೀನ್ ಒಂದಿಷ್ಟು ಕಡಿಮೆಯಾಗುತ್ತದೆ, ಜೋಳಕ್ಕೆ ಆ ತೊಂದರೆ ಅಷ್ಟಾಗಿ ಇಲ್ಲ. ರೊಟ್ಟಿ ಬಿಟ್ಟು ಅನ್ನಕ್ಕೆ ಬಂದ ಉತ್ತರ ಕರ್ನಾಟಕದ ಮನೆಗಳಿಗೆ ಇದು ಯೋಚಿಸಬೇಕಾದ ಸಂಗತಿ. 2023ರ ಮಳೆಗಾಲ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 48 ಲಕ್ಷ ಹೆಕ್ಟೇರಿನ ಬೆಳೆ ಹಾಳಾಯಿತು, 35,162 ಕೋಟಿ ರೂಪಾಯಿ ನಷ್ಟ ಎಂದು ರಾಜ್ಯ ಸರ್ಕಾರ ಲೆಕ್ಕ ಕೊಟ್ಟಿತು. 18,171 ಕೋಟಿ ಕೇಳಿ, ಸುಪ್ರೀಂ ಕೋರ್ಟಿನವರೆಗೂ ಹೋದ ಮೇಲೆ ಬಂದದ್ದು 3,454 ಕೋಟಿ. ಆ ಬರಕ್ಕೆ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಕಾದು ನಮ್ಮ ಮಳೆ ಕುಗ್ಗಿಸುವ ವಿದ್ಯಮಾನ, ಮುಖ್ಯ ಕಾರಣ, ಅದು ಹಿಂದೆಯೂ ಇತ್ತು. ಬಿಸಿಯಾದ ಭೂಮಿಯ ಮೇಲೆ ಬಂದರೆ ಅದೇ ಎಲ್ ನಿನೋ ಮಣ್ಣನ್ನು ಇನ್ನೂ ಬೇಗ ಒಣಗಿಸುತ್ತದೆ. ಬರ ಬಂದ ವರ್ಷ ಗುಳೆ ಹೋದವರು ಬೆಂಗಳೂರಿನ ಕಟ್ಟಡಗಳಲ್ಲಿ ಮತ್ತೆ ಬಿಸಿಲಿಗೇ ಬೀಳುತ್ತಾರೆ. ಆ ಬೆಂಗಳೂರಿನಲ್ಲೂ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು.

ಡೆಂಗಿಗೆ ಬರೋಣ. ಬಿಸಿ ಏರಿದಷ್ಟೂ ಡೆಂಗಿ ಏರುತ್ತದೆ ಎಂದು ಬಹಳ ಜನ ಬರೆಯುತ್ತಾರೆ, ಅದು ಪೂರ್ತಿ ನಿಜವಲ್ಲ. ಈಡಿಸ್ ಈಜಿಪ್ಟಿ ಸೊಳ್ಳೆಯ ಮೂಲಕ ಡೆಂಗಿ ಹರಡಲು ಹೇಳಿ ಮಾಡಿಸಿದ ಉಷ್ಣಾಂಶ ಸುಮಾರು 29 ಡಿಗ್ರಿ. ಅದಕ್ಕಿಂತ ಕೆಳಗಿದ್ದರೆ ಸೊಳ್ಳೆಯ ಹೊಟ್ಟೆಯಲ್ಲಿ ವೈರಸ್ ಬಲಿಯಲು ಹೆಚ್ಚು ದಿನ ಹಿಡಿಯುತ್ತದೆ, ಬಲಿಯುವ ಮೊದಲೇ ಸೊಳ್ಳೆ ಸತ್ತಿರುತ್ತದೆ. 34–35 ದಾಟಿದರೆ ಸೊಳ್ಳೆಗೇ ಬದುಕು ಕಷ್ಟ. ಆದ್ದರಿಂದ ಬಿಸಿ ಹೆಚ್ಚಾದರೆ ರಾಯಚೂರಿನ ಮೇ ತಿಂಗಳಲ್ಲಿ ಡೆಂಗಿ ಹೆಚ್ಚಬೇಕೆಂದೇನಿಲ್ಲ. ಅಪಾಯ ಏರುವುದು ಇದುವರೆಗೆ ತಂಪಾಗಿದ್ದ ಊರುಗಳಲ್ಲಿ: ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರ, ಮಡಿಕೇರಿ. ಒಂದೆರಡು ಡಿಗ್ರಿ ಏರಿದರೆ ನೀವು 29ಕ್ಕೆ ಹತ್ತಿರವಾಗುತ್ತೀರಿ, ರಾಯಚೂರಿನವರು ದೂರವಾಗುತ್ತಾರೆ. ಮಲೆನಾಡಿನವರಿಗೆ ಇದು ಸಿಹಿಸುದ್ದಿಯಲ್ಲ, ಆದರೆ ತಿಳಿದಿರಬೇಕು. 2024ರಲ್ಲಿ ಪ್ರಕರಣಗಳು ಮಿತಿಮೀರಿದಾಗ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಿ, ಮನೆಯಲ್ಲಿ ಲಾರ್ವಾ ಸಿಕ್ಕರೆ ದಂಡ ಹಾಕುವ ನಿಯಮ ತಂದದ್ದು ನೆನಪಿರಬಹುದು.

ಸೊಳ್ಳೆಗೆ ಉಷ್ಣಾಂಶದ ಜೊತೆ ನಿಂತ ನೀರೂ ಬೇಕು. ಬೇಸಿಗೆಯಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಬತ್ತಿ ಡ್ರಮ್ಮು, ಸಿಂಟೆಕ್ಸ್ ತುಂಬಿಡುವ ಪದ್ಧತಿ ಮಲೆನಾಡಿಗೆ ಬಂದದ್ದು ಈಚೆಗೆ. ಮಳೆ ಹಿಡಿದ ಮೇಲೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಉಳಿದ ಪ್ಲಾಸ್ಟಿಕ್ಕು, ರಬ್ಬರ್ ತೋಟದ ಚಿಪ್ಪು, ಇವುಗಳಲ್ಲಿ ನಿಲ್ಲುವ ಒಂದು ಲೋಟ ನೀರು ಸಾಕು. ಮಗಳು ಮನೆಗೆ ಬರುವ ಮೊದಲು ನೀವು ಮಾಡಬೇಕಾದ ಕೆಲಸ ಇದೇ: ವಾರಕ್ಕೊಂದು ದಿನ ಡ್ರಮ್ಮು ಬರಿದು ಮಾಡಿ, ಉಜ್ಜಿ, ಒಣಗಿಸಿ ಮುಚ್ಚುವುದು. ಉಜ್ಜುವುದನ್ನು ಬಿಡಬೇಡಿ, ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತದೆ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ರಾತ್ರಿಯ ಪರದೆಯೊಂದರಿಂದಲೇ ರಕ್ಷಣೆ ಆಗದು, ಬಸುರಿ ಮಧ್ಯಾಹ್ನ ಮಲಗುವಾಗಲೂ ಕಟ್ಟಿ.

ಮಂಗನ ಕಾಯಿಲೆಯದು ಬೇರೆ ಕತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಇದು ಗೊತ್ತಾಯಿತು. ಆಗ ಭೂಮಿ ಬಿಸಿಯಾಗುವುದರ ಸುದ್ದಿಯೇ ಇರಲಿಲ್ಲ. ವೈರಸ್ ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಮುಸಿಯ (ಕಪ್ಪು ಮೂತಿಯ ಮಂಗ), ಕೆಂಪು ಮೂತಿಯ ಮಂಗ ಎರಡೂ ಅದಕ್ಕೆ ತುತ್ತಾಗುತ್ತವೆ, ಮಂಗ ಸತ್ತು ಬಿದ್ದ ಜಾಗದಲ್ಲಿ ಸೋಂಕಿನ ಉಣುಗು ಸುತ್ತ ಚದುರುತ್ತದೆ. 2012ರ ನಂತರ ಬಂಡೀಪುರ, ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಘಟ್ಟದುದ್ದಕ್ಕೂ ಕಾಣಿಸಿಕೊಂಡಿತು. 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ ಸಾವುನೋವನ್ನು ಆ ಕಡೆಯವರು ಮರೆತಿಲ್ಲ. ಕಾಡು, ತೋಟ, ಗದ್ದೆ, ಮನೆ ಒಂದರೊಳಗೊಂದು ಹೆಣೆದುಕೊಂಡ ಜಾಗಗಳಲ್ಲಿ ಇದು ಹೆಚ್ಚು. ಕಾಡನ್ನು ತುಂಡು ತುಂಡು ಮಾಡಿದ್ದು, ದನ ಮೇಯಲು ಬಿಟ್ಟದ್ದು, ಸೌದೆಗೆ, ದರಗಿಗೆ (ಒಣಗಿ ಉದುರಿದ ಎಲೆಗೆ) ಕಾಡಿಗೆ ಹೋಗುವುದು ಇದರ ದೊಡ್ಡ ಕಾರಣಗಳು. ಹವಾಮಾನದ ಪಾಲು ಇರಬಹುದು: ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಮರಿ ಉಣುಗು, ಅದರ ಕಾಲ ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳು. ಮಳೆಗಾಲ ಬೇಗ ಮುಗಿದು ತಡವಾಗಿ ಶುರುವಾದರೆ ಆ ಕಾಲ ಉದ್ದವಾಗಬಹುದು ಎಂಬುದು ತರ್ಕಕ್ಕೆ ಒಪ್ಪುವ ಊಹೆ, ಸಾಬೀತಾದ ಸಂಗತಿ ಅಲ್ಲ.

ಈ ಕಾಯಿಲೆಯ ಖರ್ಚು ಯಾರ ಮೇಲೆ ಬೀಳುತ್ತದೆ ನೋಡಿ. ದರಗು ತರುವವರು ತೋಟದ ಮಾಲೀಕರಲ್ಲ. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಬದುಕಿದವರೂ ವಾರಗಟ್ಟಲೆ ಎದ್ದು ನಿಲ್ಲಲಾರರು, ಅದೂ ಕಾಫಿ ಕೊಯ್ಲು, ಅಡಿಕೆ ಸುಲಿತದ ಕೂಲಿ ಸಿಗುವ ತಿಂಗಳುಗಳಲ್ಲಿ. ವರ್ಷದ ಸಂಪಾದನೆಯ ದೊಡ್ಡ ಪಾಲು ಅಲ್ಲಿಗೆ ಹೋಯಿತು. ಹಳೆಯ ಲಸಿಕೆ ಪರಿಣಾಮ ಸಾಲದೆಂದು ನಿಂತುಹೋಗಿದೆ, ಹೊಸದರ ಕೆಲಸ ನಡೆದಿದೆ. ಅಲ್ಲಿಯವರೆಗೆ ನಿಮ್ಮ ಕೆಲಸದವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಆರೋಗ್ಯ ಇಲಾಖೆಯ ಡೀಪಾ ಎಣ್ಣೆ ತರಿಸಿಕೊಡಿ, ಮೈ ಪೂರ್ತಿ ಮುಚ್ಚುವ ಬಟ್ಟೆ ಇರಲಿ, ಬಂದ ಮೇಲೆ ಬಿಸಿನೀರಿನ ಸ್ನಾನಕ್ಕೆ ಅನುಕೂಲ ಮಾಡಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಗಳು ಅಂಗಳ ದಾಟಿ ಗುಡ್ಡದ ಕಡೆ ಹೋಗುವುದು ಮಳೆ ಹಿಡಿಯುವವರೆಗೆ ಬೇಡ. ಕೊಟ್ಟಿಗೆಗೆ ಹಾಸುವ ದರಗನ್ನು ಆಕೆ ಮುಟ್ಟುವುದೂ ಬೇಡ.

ಈಗ ತೋಟ. ಅರೇಬಿಕಾಕ್ಕೆ ಹಿತವಾದದ್ದು 15ರಿಂದ 25 ಡಿಗ್ರಿ, ರೋಬಸ್ಟಾಕ್ಕೆ 20ರಿಂದ 30. ಮಲೆನಾಡಿನ ಬಹುಪಾಲು ಅರೇಬಿಕಾ ಈ ಮೇಲಂಚಿನ ಹತ್ತಿರವೇ ಬದುಕುತ್ತಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದಂಗುಲ ಹೂಮಳೆ, ಎರಡು ಮೂರು ವಾರ ಬಿಟ್ಟು ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ, ಇಷ್ಟು ಬಿದ್ದರೆ ಆ ವರ್ಷ ಗೆದ್ದ ಹಾಗೆ. ಮಳೆ ಬಾರದೇ ಹೋಗುವುದಕ್ಕಿಂತ ಕೆಟ್ಟದ್ದು ಅರ್ಧಂಬರ್ಧ ಬರುವುದು: ಹತ್ತು ಸೆಂಟು (ಅಂಗುಲದ ಹತ್ತನೇ ಒಂದು ಭಾಗ) ಬಿದ್ದು ಮೊಗ್ಗು ಎಬ್ಬಿಸಿ ಮಾಯವಾದರೆ ಹೂವು ಅರಳದೆ ಕರಟುತ್ತದೆ. ಬಿಳಿ ಕಾಂಡಕೊರಕ (ಬೋರರ್) ಹುಳಕ್ಕೆ ಬಿಸಿಲು ಬಿದ್ದು ಕಾದ ಕಾಂಡವೆಂದರೆ ಇಷ್ಟ. ಕೊಯ್ಲಿನ ಹೊತ್ತಿಗೆ, ನವೆಂಬರ್‌ನಿಂದ ಜನವರಿವರೆಗೆ, ಅಕಾಲಿಕ ಮಳೆ ಬಂದರೆ ಹಣ್ಣು ಸೀಳಿ ಉದುರುತ್ತದೆ, ಕಣದಲ್ಲಿ ಹರಡಿದ್ದು ಬೂಸ್ಟು ಹಿಡಿಯುತ್ತದೆ. ಅಡಿಕೆಯ ಗೋಳೂ ಇಂಥದೇ. ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯಲು ಎರಡು ಮಳೆಗಳ ನಡುವೆ ಹೊಳವು ಬೇಕು. ಆ ಹೊಳವು ಸಿಕ್ಕ ದಿನ ಮರ ಹತ್ತುವ ಕೊನೆಗಾರ ಸಿಗಬೇಕು, ಎಲ್ಲರಿಗೂ ಅವತ್ತೇ ಬೇಕು. ಎಲೆಚುಕ್ಕಿ ಶಿಲೀಂಧ್ರದ ರೋಗ, ತೇವ ಎಡೆಬಿಡದೆ ಉಳಿದ ವರ್ಷ ಜೋರು. ಅದು ಹವಾಮಾನದಿಂದಲೇ ಬಂತು ಎನ್ನಲಾರೆ. ಅಡಿಕೆಯನ್ನು ಗದ್ದೆಗೆ, ಹುಲ್ಲಿನ ಬ್ಯಾಣಕ್ಕೆ, ಕಣ್ಣು ಹಾಯುವಷ್ಟೂ ಒಂದೇ ಬೆಳೆಯಾಗಿ ಹಬ್ಬಿಸಿದ್ದು ನಾವೇ.

ಬೆಲೆಯ ವಿಚಿತ್ರವನ್ನೂ ಹೇಳಬೇಕು. 2023–24ರಲ್ಲಿ ವಿಯೆಟ್ನಾಮಿಗೆ, 2024ರಲ್ಲಿ ಬ್ರೆಜಿಲ್ಲಿಗೆ ಬರ ಬಡಿದಾಗ ಜಗತ್ತಿನ ಕಾಫಿ ಬೆಲೆ ದಾಖಲೆ ಮುಟ್ಟಿತು, ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಬಹಳ ವರ್ಷಗಳ ನಂತರ ಸಾಲ ತೀರಿಸಿದರು. ಭೂಮಿ ಬಿಸಿಯಾದರೆ ಎಲ್ಲರಿಗೂ ನಷ್ಟ ಎಂಬ ಮಾತು ಅಷ್ಟು ಸರಳವಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ಒಂದು ಸೀಮೆಯ ಬರ ಇನ್ನೊಂದು ಸೀಮೆಗೆ ಲಾಭವಾಗುವುದುಂಟು. ಆದರೆ ಮುಂದಿನ ಸರದಿ ಯಾರದೋ ಗೊತ್ತಿಲ್ಲದ ಲಾಭವನ್ನು ನಂಬಿ ಮನೆ ಕಟ್ಟಿಸಬೇಡಿ. ಬೆಲೆ ಬಂದ ವರ್ಷದ ಹಣದಲ್ಲಿ ಕೆರೆ ತೆಗೆಸಿ, ಸ್ಪ್ರಿಂಕ್ಲರ್ ಹಾಕಿಸಿ: ಹೂಮಳೆ ತಪ್ಪಿದ ವರ್ಷ ಒಂದು ಸುತ್ತು ನೀರು ಕೊಡಲಾದರೆ ಫಸಲು ಉಳಿಯುತ್ತದೆ.

ಮಗನ ಸಲಹೆಗೆ ನನ್ನ ಉತ್ತರ: ಮಾರಬೇಡಿ. ಮಾರಿದ ದುಡ್ಡಿನಲ್ಲಿ ಆತ ಬೆಂಗಳೂರಿನಲ್ಲಿ ಸೈಟು ಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕ್ಯೂ ನಿಂತದ್ದು ಅದೇ ಊರು. ಇಪ್ಪತ್ತು ಮೂವತ್ತು ವರ್ಷದ ಲೆಕ್ಕದಲ್ಲಿ ಮಲೆನಾಡು ಈ ರಾಜ್ಯದಲ್ಲಿ ಬಿಸಿಯನ್ನು ಹೆಚ್ಚು ತಾಳಿಕೊಳ್ಳಬಲ್ಲ ಜಾಗವಾಗಿಯೇ ಉಳಿಯುತ್ತದೆ ಎಂಬುದು ನನ್ನ ಅಂದಾಜು. ಆದರೆ ಈಗಿರುವ ರೂಪದಲ್ಲಿ ತೋಟ ಉಳಿಯಲಾರದು. ಮೂರು ಸಾವಿರ ಅಡಿಗಿಂತ ಕೆಳಗಿನ, ಬಿಸಿಲು ಬೀಳುವ ಇಳಿಜಾರಿನಲ್ಲಿ ಬೋರರ್ ಹಿಡಿದು ಹೋದ ಅರೇಬಿಕಾದ ಜಾಗದಲ್ಲಿ ರೋಬಸ್ಟಾ ಹಾಕಿ. ಮೇಲಿನ ತಂಪು ತುಂಡುಗಳಲ್ಲಿ ಅರೇಬಿಕಾ ಇರಲಿ. ಯಾವ ತಳಿ ಎಂದು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರನ್ನೇ ಕೇಳಿ, ನಿಮಗದು ದೂರವೇನಲ್ಲ, ಈ ವಿಷಯದಲ್ಲಿ ನನಗಿಂತ ಅವರ ಮಾತಿಗೆ ಬೆಲೆ ಹೆಚ್ಚು. ಸಿಲ್ವರ್ ಓಕ್ ಒಂದನ್ನೇ ನೆರಳಿಗೆ ನಂಬಿದ್ದರೆ ನಡುನಡುವೆ ಹಲಸು, ಅತ್ತಿ, ನಂದಿ ಎಬ್ಬಿಸಿ. ಮರ ಕಡಿದು ಬಿಸಿಲು ಬಿಟ್ಟರೆ ಇಳುವರಿ ಹೆಚ್ಚುತ್ತದೆ ಎಂಬ ಮಾತು ಮುಂದಿನ ಬೇಸಿಗೆಗಳಿಗೆ ಹೊಂದುವುದಿಲ್ಲ. ಅಡಿಕೆ, ಮೆಣಸು ಎರಡಕ್ಕೂ ಹವಾಮಾನ ಆಧಾರಿತ ಬೆಳೆವಿಮೆ ಇದೆ. ಅದರ ಪರಿಹಾರ ನಿರ್ಧಾರವಾಗುವುದು ನಿಮ್ಮ ತೋಟದಲ್ಲಿ ಬಿದ್ದ ಮಳೆಯಿಂದಲ್ಲ, ಗ್ರಾಮ ಪಂಚಾಯಿತಿಯ ಮಳೆಮಾಪಕದಿಂದ. ಆ ಯಂತ್ರ ಎಲ್ಲಿದೆ, ಮೇಲೆ ಮರದ ಕೊಂಬೆ ಬಾಗಿದೆಯೇ, ಕೆಟ್ಟು ನಿಂತಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ಹೋಗಿ ನೋಡಿ, ಕೆಟ್ಟಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ. ವಿಮೆ ಬರಲಿಲ್ಲ ಎಂದು ಆಮೇಲೆ ತಾಲ್ಲೂಕು ಕಚೇರಿಯ ಮುಂದೆ ಕೂತರೆ ಯಾರೂ ಕೇಳುವುದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಉಳಿದಿದೆ: ಕೆಲಸದವರು. ಆರು ಎಕರೆ ಕಾಫಿ ಕೊಯ್ಯುವವರು ಈಗ ಅಸ್ಸಾಮಿನಿಂದಲೋ ಕೊಪ್ಪಳ, ರಾಯಚೂರಿನಿಂದಲೋ ಬಂದವರಾಗಿರಬಹುದು. ಬಿಸಿಲೂರಿನಿಂದ ತಪ್ಪಿಸಿಕೊಂಡು ಬಂದ ಅವರು ನಿಮ್ಮ ಲೈನ್‌ಮನೆಯ, ಅಂದರೆ ಕೆಲಸದವರ ಸಾಲುಮನೆಯ, ಶೀಟಿನ ಚಾವಣಿಯ ಕೆಳಗೆ ಮಾರ್ಚ್ ತಿಂಗಳು ಕಳೆಯುತ್ತಾರೆ. ಮುಂದಿನ ಹತ್ತು ವರ್ಷದಲ್ಲಿ ಮಲೆನಾಡಿನ ತೋಟಗಳಿಗೆ ಎದುರಾಗುವ ದೊಡ್ಡ ಕೊರತೆ ಮಳೆಯದಲ್ಲ, ಕೈಯಾಳಿನದು ಎಂದು ನನಗನ್ನಿಸುತ್ತದೆ. ಯಾರ ಲೈನ್‌ಮನೆ ತಂಪಾಗಿದೆಯೋ, ಯಾರು ಜ್ವರ ಬಂದ ವಾರದ ಕೂಲಿ ಹಿಡಿಯುವುದಿಲ್ಲವೋ ಅವರ ತೋಟಕ್ಕೆ ಜನ ಬರುತ್ತಾರೆ. ಶೀಟಿಗೆ ಸುಣ್ಣ ಬಳಿಸಿ ಒಳಗೆ ಬಿದಿರು ತಟ್ಟಿಯ ಅಟ್ಟ ಹಾಕಿಸಲು ಆಗುವ ಖರ್ಚು ಒಂದು ಸುತ್ತಿನ ಬೋರ್ಡೋಗಿಂತ ಹೆಚ್ಚಾಗಲಾರದು. ಮಗಳು ಬರುವ ಮಾರ್ಚ್‌ಗೆ ಮೊದಲು ಅದನ್ನೂ ಮುಗಿಸಿಬಿಡಿ.